ತೀವ್ರಭಾವದ ಆಡುನುಡಿ: ‘ದ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಭಾಷೆಯನ್ನು ಕುರಿತು

ಇಂಗ್ಲಿಷ್ ಕಲಿಯುವವರಿಗಾಗಿ ಸಿದ್ಧವಾಗುವ ಕೈಪಿಡಿಗಳಲ್ಲಿ ಸ್ಲ್ಯಾಂಗಿಗೆ ಮೀಸಲಾದ ಪುಟಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುತ್ತವೆ. ಎಡಗಡೆ ಒಂದು ನುಡಿಗಟ್ಟು, ಬಲಗಡೆ ಅದರ ಅರ್ಥ. ಸಿಟ್ಟಿಗೆ ಇಷ್ಟು, ಸಂತೋಷಕ್ಕೆ ಇಷ್ಟು, ಗಾಬರಿಗೆ ಇಷ್ಟು ಎಂದು ವಿಂಗಡಿಸಿದ ಪಟ್ಟಿ. ಕೊಟ್ಟ ಅರ್ಥಗಳಲ್ಲಿ ದೋಷವಿರುವುದು ಅಪರೂಪ. ಆದರೂ ಆ ಪಟ್ಟಿಯನ್ನು ಬಾಯಿಪಾಠ ಮಾಡಿದವನು ಅದನ್ನು ಬಳಸಹೊರಟಾಗ ಕೇಳುವವರು ಒಂದು ಕ್ಷಣ ಅವನ ಮುಖ ನೋಡುತ್ತಾರೆ. ತೀವ್ರಭಾವವನ್ನು ಹೇಳುವ ಮಾತಿಗೆ ಅರ್ಥವಿರುವಂತೆಯೇ ತೂಕವೂ ಇರುತ್ತದೆ. ಯಾರು ಯಾರೊಡನೆ ಆಡಬಹುದೆಂಬ ಸಲುಗೆಯ ಲೆಕ್ಕವೂ ಇರುತ್ತದೆ. ಪಟ್ಟಿ ಕಲಿಸುವುದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಕಲಿಯಬೇಕಾದರೆ ಆ ಭಾಷೆಯ ಜನರ ನಡುವೆ ಬಾಳಬೇಕು, ಇಲ್ಲವೇ ಅವರು ಬರೆದ ಒಳ್ಳೆಯ ಕಥೆ ಕಾದಂಬರಿಗಳನ್ನು ಕಿವಿಗೊಟ್ಟು ಓದಬೇಕು. ಈ ಎರಡನೆಯ ದಾರಿಯನ್ನು ಒಂದು ಪ್ರಸಿದ್ಧ ಕಾದಂಬರಿಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಸ್ಲ್ಯಾಂಗ್’ ಎಂಬ ಪದಕ್ಕೆ ಕನ್ನಡದಲ್ಲಿ ಸರಿಸಮನಾದ ಮಾತಿಲ್ಲ. ‘ಗ್ರಾಮ್ಯ’ ಎಂದರೆ ನಮ್ಮ ಕಾವ್ಯಮೀಮಾಂಸೆ ಹೇಳುವ ದೋಷವೊಂದರ ನೆನಪಾಗುತ್ತದೆ. ‘ಆಡುನುಡಿ’ ಎಂಬುದು ಅದಕ್ಕಿಂತ ಬಹಳ ವಿಶಾಲವಾದದ್ದು. ಸ್ಲ್ಯಾಂಗ್ ಊರಿಗೂ ಜಾತಿಗೂ ಅಂಟಿಕೊಳ್ಳುವುದಕ್ಕಿಂತ ಹೆಚ್ಚಾಗಿ ಒಂದು ವಯಸ್ಸಿಗೆ, ಒಂದು ಗುಂಪಿಗೆ ಅಂಟಿಕೊಂಡಿರುವ ಮಾತು. ಹಾಸ್ಟೆಲಿನ ಹುಡುಗರದು, ಸೈನಿಕರದು, ಆಟದ ಮೈದಾನದವರದು. ‘ಇವನು ನಮ್ಮವನು’ ಎಂಬ ಗುರುತನ್ನು ಅದು ಅರ್ಥದೊಡನೆಯೇ ಸಾಗಿಸುತ್ತದೆ. ಆದುದರಿಂದ ಇಲ್ಲಿ ಆ ಪದವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ತೂಕ ಮತ್ತು ಸಲುಗೆಯ ಮಾತಿಗೆ ಕೆಲವು ಉದಾಹರಣೆಗಳನ್ನು ನೋಡಬಹುದು. ‘ಮ್ಯಾಡ್’ ಎಂದರೆ ಇಂಗ್ಲೆಂಡಿನಲ್ಲಿ ಮುಖ್ಯವಾಗಿ ಹುಚ್ಚು; ಅಮೆರಿಕದ ದಿನಬಳಕೆಯಲ್ಲಿ ಸಿಟ್ಟು. ಈ ಎರಡನೆಯ ಬಳಕೆ ಇಂಗ್ಲಿಷಿನಲ್ಲಿ ಹಳೆಯದೇ ಆದರೂ, ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವಾದ ಕಾಲೇಜಿನ ಅಧ್ಯಕ್ಷ ಜಾನ್ ವಿದರ್‌ಸ್ಪೂನ್ 1781ರಷ್ಟು ಹಿಂದೆಯೇ ಅದನ್ನು ಅಮೆರಿಕನ್ನರ ಮಾತಿನ ವಿಕಾರಗಳ ಸಾಲಿಗೆ ಸೇರಿಸಿ ಆಕ್ಷೇಪಿಸಿದ್ದನು. ‘ಅಮೆರಿಕನಿಸಂ’ ಎಂಬ ಪದವೂ ಅವನ ಆ ಬರಹಗಳಿಂದಲೇ ಬಳಕೆಗೆ ಬಂದುದು. ‘ಪಿಸ್ಡ್’ ಎಂಬ ಒರಟು ಮಾತು ಅಮೆರಿಕದಲ್ಲಿ ಕೋಪಗೊಂಡವನನ್ನು ಸೂಚಿಸಿದರೆ ಬ್ರಿಟನ್ನಿನಲ್ಲಿ ಕುಡಿದು ಅಮಲೇರಿದವನನ್ನು ಸೂಚಿಸುತ್ತದೆ. ‘ಗಟೆಡ್’ ಎಂಬ ಬ್ರಿಟಿಷ್ ಮಾತಿನ ಮೂಲಾರ್ಥ ಕರುಳು ಬಗೆದು ತೆಗೆದಂತೆ ಎಂಬುದು. ಇಷ್ಟು ಘೋರವಾದ ಚಿತ್ರವುಳ್ಳ ಆ ಪದವನ್ನು ಜನ ಬಳಸುವುದು ತಮ್ಮ ಫುಟ್‌ಬಾಲ್ ತಂಡ ಸೋತಾಗ, ಬಯಸಿದ ಕೆಲಸ ಕೈತಪ್ಪಿದಾಗ. ಹತ್ತಿರದವರ ಸಾವಿನ ಮನೆಯಲ್ಲಿ ಅದನ್ನು ಆಡಿದರೆ ಹಗುರವಾಗಿ ಕೇಳಿಸುತ್ತದೆ. ಚಿತ್ರ ಎಷ್ಟು ಉಗ್ರವೋ ಭಾವ ಅಷ್ಟೇ ಉಗ್ರ ಎಂದು ನಂಬಿದ ಕಲಿಕೆಯವನು ಎಡವುವುದು ಇಲ್ಲಿಯೇ.

ಗಡಿನಾಡಿನ ಕನ್ನಡಿಗನಿಗೆ ಇಂಥ ಎಡವು ಹೊಸತೇನೂ ಅಲ್ಲ. ಭಾವದ ಪದಗಳು ಗಡಿ ದಾಟುವಾಗ ತೂಕ ಬದಲಿಸುವುದನ್ನು ಅವನು ದಿನವೂ ಕೇಳುತ್ತಾನೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಕನ್ನಡ ಮನೆಯ ಮಗು ಮರಾಠಿ ಶಾಲೆಗೆ ಕಾಲಿಟ್ಟೊಡನೆ ‘ರಾಗ’ ಎಂದರೆ ಕೋಪ ಎಂದು ಕಲಿಯುತ್ತದೆ. ಮನೆಯ ಕನ್ನಡದಲ್ಲಿ ಅದು ಹಾಡಿನ ರಾಗ, ಕಾವ್ಯದಲ್ಲಿ ಅನುರಾಗ. ಸಂಸ್ಕೃತದಲ್ಲಿ ಕೆಂಪು, ಬಣ್ಣ, ಆಸಕ್ತಿ ಎಂಬ ಅರ್ಥಗಳಿದ್ದ ಒಂದೇ ಪದವನ್ನು ಒಂದು ಭಾಷೆ ಕೆಂಪೇರಿದ ಮುಖಕ್ಕೂ ಇನ್ನೊಂದು ಒಲಿದ ಮನಸ್ಸಿಗೂ ಹೊಂದಿಸಿಕೊಂಡಿದೆ. ಕಾಸರಗೋಡಿನಲ್ಲಿ ಮಲಯಾಳದ ‘ಸಂಕಟಂ’ ದಿನನಿತ್ಯದ ದುಃಖಕ್ಕೆ ಸಲ್ಲುವ ಮಾತು. ಕನ್ನಡದ ‘ಸಂಕಟ’ ಅದಕ್ಕಿಂತ ಭಾರವಾದದ್ದು, ಎಷ್ಟೋ ಸಲ ಹೊಟ್ಟೆಯ ನೋವನ್ನೂ ಒಳಗೊಳ್ಳುವಂಥದು. ಆದೋನಿ, ರಾಯದುರ್ಗಗಳ ಕಡೆ ತೆಲುಗಿನ ‘ಬಾಧ’ ಮನಸ್ಸಿನ ಬೇಸರವನ್ನು ಹೇಳಿದರೆ ಕನ್ನಡದ ‘ಬಾಧೆ’ ರೋಗವನ್ನೋ ಕೀಟವನ್ನೋ ನೆನಪಿಗೆ ತರುತ್ತದೆ. ನಮ್ಮವೇ ಎಂದು ತಿಳಿದಿರುವ ‘ಬೇಜಾರು’, ‘ಖುಷಿ’ಗಳೂ ಪಾರಸಿಯಿಂದ ಬಂದು ಇಲ್ಲಿ ನೆಲೆಸಿದವು. ಭಾವದ ಪದಗಳು ಎಷ್ಟು ಸುಲಭವಾಗಿ ಗಡಿ ದಾಟುತ್ತವೆಯೋ ಅಷ್ಟೇ ಸುಲಭವಾಗಿ ಮೋಸವನ್ನೂ ಮಾಡುತ್ತವೆ ಎಂಬ ತಿಳಿವು ಬಹುಭಾಷಾ ಪ್ರದೇಶದ ಓದುಗನಿಗೆ ಹುಟ್ಟಿನಿಂದ ಬಂದ ಆಸ್ತಿ. ಇಂಗ್ಲಿಷ್ ಸ್ಲ್ಯಾಂಗಿನ ವಿಷಯದಲ್ಲಿ ಗಡಿ ಭೂಪಟದ ಮೇಲೆ ಕಾಣುವುದಿಲ್ಲ, ಅದು ವಯಸ್ಸು ಮತ್ತು ಗುಂಪುಗಳ ನಡುವೆ ಹಾಯುತ್ತದೆ. ವ್ಯತ್ಯಾಸವಿರುವುದು ಇಷ್ಟೇ.

ಜೆ. ಡಿ. ಸ್ಯಾಲಿಂಜರ್ ಅವರ ‘ದ ಕ್ಯಾಚರ್ ಇನ್ ದ ರೈ’ 1951ರಲ್ಲಿ ಪ್ರಕಟವಾಯಿತು. ಶಾಲೆಯಿಂದ ಹೊರಹಾಕಲ್ಪಟ್ಟ ಹದಿನಾರರ ಹುಡುಗ ಹೋಲ್ಡನ್ ಕಾಲ್‌ಫೀಲ್ಡ್ ಕ್ರಿಸ್‌ಮಸ್ಸಿಗೆ ಮುನ್ನ ಕೆಲವು ದಿನ ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಮರುವರ್ಷ, ಹದಿನೇಳರಲ್ಲಿ, ಅದನ್ನು ತನ್ನದೇ ಮಾತಿನಲ್ಲಿ ಹೇಳುತ್ತಾನೆ. ಕಥೆಯೆಂದು ಹೇಳಬಹುದಾದದ್ದು ಇಷ್ಟೇ. ಕಾದಂಬರಿಯ ಬಲವೆಲ್ಲ ಆ ಮಾತಿನ ಧಾಟಿಯಲ್ಲಿದೆ. 1959ರಲ್ಲಿ ಡೊನಾಲ್ಡ್ ಕಾಸ್ಟೆಲೊ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಈ ಭಾಷೆಯ ಮೇಲೆಯೇ ಒಂದು ಪ್ರಬಂಧ ಬರೆದು, ಅದನ್ನು ಆ ಕಾಲದ ಅಮೆರಿಕದ ಹದಿಹರೆಯದವರ ಮಾತಿನ ದಾಖಲೆಯಾಗಿಯೂ ಪರಿಗಣಿಸಬಹುದೆಂದು ತೋರಿಸಿದರು. ದಾಖಲೆಯ ಮೌಲ್ಯ ನಿಜವೇ. ಆದರೆ ಕಾದಂಬರಿ ಅದಕ್ಕಿಂತ ಮುಂದೆ ಹೋಗುತ್ತದೆ; ಸ್ಲ್ಯಾಂಗ್ ಎಷ್ಟು ಭಾವವನ್ನು ಹೊರಬಲ್ಲದು, ಎಲ್ಲಿ ಹೊರಲಾರದೆ ಕೆಳಗಿಡುತ್ತದೆ ಎಂಬುದನ್ನೂ ಪರೀಕ್ಷಿಸುತ್ತದೆ.

ಹೋಲ್ಡನ್ ತನಗೆ ಬಹಳ ಹಿಡಿಸಿದ್ದನ್ನು ಹೇಳುವಾಗ ‘ಕಿಲ್’ ಎಂಬ ಕ್ರಿಯಾಪದವನ್ನು ಮತ್ತೆ ಮತ್ತೆ ಬಳಸುತ್ತಾನೆ. ಅದು ತನ್ನನ್ನು ಕೊಂದಿತು ಎನ್ನುತ್ತಾನೆ. ಅವನ ಅಣ್ಣ ಬರೆದ ಒಂದು ಕಥೆಯಲ್ಲಿ ಹುಡುಗನೊಬ್ಬ ತನ್ನ ಸ್ವಂತ ಹಣದಿಂದ ಕೊಂಡ ಹೊಂಬಣ್ಣದ ಮೀನನ್ನು ಯಾರಿಗೂ ತೋರಿಸುವುದಿಲ್ಲ. ಆ ಕಥೆ ಹೋಲ್ಡನ್‌ನನ್ನು ಕೊಲ್ಲುತ್ತದೆ. ಹತ್ತು ವರ್ಷದ ತಂಗಿ ಫೀಬಿ ತನ್ನ ಹೆಸರಿನ ನಡುವೆ ತಾನೇ ಹೊಸ ಹೆಸರನ್ನು ಸೇರಿಸಿಕೊಳ್ಳುತ್ತಾಳೆ. ಅದೂ ಕೊಲ್ಲುತ್ತದೆ. ಪಟ್ಟಿಯ ಪ್ರಕಾರ ಈ ಮಾತಿನ ಅರ್ಥ ‘ಬಹಳ ನಗು ಬಂತು’. ಸಂದರ್ಭಗಳನ್ನು ಒಟ್ಟಿಗಿಟ್ಟು ಓದಿದರೆ ನಗುವಿಗಿಂತ ಮಮತೆಯೇ ಅದರಲ್ಲಿ ಹೆಚ್ಚಾಗಿದೆ. ಮಕ್ಕಳ ಮುಗ್ಧತೆ ಎದುರಾದಾಗಲೆಲ್ಲ ಈ ಹುಡುಗನ ಎದೆ ಹಿಂಡುತ್ತದೆ. ಅದನ್ನು ಹಾಗೆಂದು ಹೇಳಿಕೊಳ್ಳಲು ಅವನ ವಯಸ್ಸು ಬಿಡುವುದಿಲ್ಲ. ಆದುದರಿಂದ ಒರಟಾದ, ನಗೆಯ ಬಣ್ಣವುಳ್ಳ ಒಂದು ಮಾತಿನ ಹಿಂದೆ ಅವನು ನಿಲ್ಲುತ್ತಾನೆ. ತೀವ್ರಭಾವದ ಸ್ಲ್ಯಾಂಗ್ ಭಾವವನ್ನು ಹೊರಗೆಡಹುವಷ್ಟೇ ಮುಚ್ಚಲೂ ಬಳಕೆಯಾಗುತ್ತದೆ ಎಂಬುದು ಇಲ್ಲಿ ಕಾಣುವ ಮೊದಲ ಪಾಠ.

ಈ ಪದಕ್ಕೆ ಇನ್ನೊಂದು ನೆರಳೂ ಇದೆ. ಹೋಲ್ಡನ್‌ನ ತಮ್ಮ ಆ್ಯಲಿ ಹನ್ನೊಂದನೆಯ ವಯಸ್ಸಿನಲ್ಲಿ ಲ್ಯುಕೀಮಿಯಾದಿಂದ ತೀರಿಕೊಂಡಿದ್ದಾನೆ. ಅಂದು ರಾತ್ರಿ ಹದಿಮೂರು ವರ್ಷದ ಹೋಲ್ಡನ್ ಗ್ಯಾರೇಜಿನಲ್ಲಿ ಮಲಗಿ, ಅದರ ಕಿಟಕಿಯ ಗಾಜುಗಳನ್ನೆಲ್ಲ ಬರಿಗೈಯಿಂದ ಒಡೆದುಹಾಕುತ್ತಾನೆ. ಕೈಮುರಿದ ಆ ನೋವು ಮಳೆ ಬಂದಾಗ ಈಗಲೂ ಮರುಕಳಿಸುತ್ತದೆ. ಮುಷ್ಟಿಯನ್ನು ಸರಿಯಾಗಿ ಬಿಗಿಯಲು ಆಗುವುದಿಲ್ಲ. ಸಾವು ನಿಜವಾಗಿ ನಡೆದ ಮನೆಯ ಹುಡುಗ ಕೊಲ್ಲುವ ಮಾತನ್ನು ಸಂತೋಷಕ್ಕೆ ಮೀಸಲಿಟ್ಟಿದ್ದಾನೆ. ಲೇಖಕರು ಈ ವೈರುಧ್ಯದ ಕಡೆ ಎಲ್ಲಿಯೂ ಬೆರಳು ತೋರಿಸುವುದಿಲ್ಲ. ಎರಡನ್ನೂ ಒಂದೇ ಬಾಯಲ್ಲಿ ಇಟ್ಟು ಸುಮ್ಮನಾಗುತ್ತಾರೆ. ಗಾಜು ಒಡೆದ ರಾತ್ರಿಯ ನಿರೂಪಣೆಯಲ್ಲಿ ಹೋಲ್ಡನ್‌ನ ಎಂದಿನ ಧಾಟಿ ಪೂರ್ತಿ ಅಳಿಯದಿದ್ದರೂ ಭಾವಕ್ಕೆ ಹೆಸರು ಕೊಡುವ ಸ್ಲ್ಯಾಂಗ್ ಅಲ್ಲಿಲ್ಲ. ದುಃಖವಾಯಿತೆಂದೂ ಅವನು ಹೇಳುವುದಿಲ್ಲ. ಏನು ಮಾಡಿದೆ ಎಂಬುದನ್ನಷ್ಟೇ ಹೇಳುತ್ತಾನೆ.

ಇದೇ ಮಾದರಿ ಮತ್ತೆ ಕಾಣಿಸುವುದು ಕಾದಂಬರಿಯ ಕೊನೆಯ ಭಾಗದಲ್ಲಿ. ಫಿಫ್ತ್ ಅವೆನ್ಯೂವಿನಲ್ಲಿ ನಡೆಯುತ್ತಿರುವ ಹೋಲ್ಡನ್‌ಗೆ ರಸ್ತೆ ದಾಟುವಾಗಲೆಲ್ಲ ತಾನು ಆಚೆ ಬದಿಯನ್ನು ಮುಟ್ಟದೆ ಮಾಯವಾಗಿಬಿಡುವೆನೆಂಬ ಭಯ ಹಿಡಿಯುತ್ತದೆ. ಆಗ ಅವನು ಸತ್ತ ತಮ್ಮನನ್ನು ಹೆಸರು ಹಿಡಿದು ಕರೆದು, ತನ್ನನ್ನು ಮಾಯವಾಗಲು ಬಿಡಬೇಡವೆಂದು ಬೇಡಿಕೊಳ್ಳುತ್ತಾನೆ. ದಾಟಿದ ಮೇಲೆ ಅವನಿಗೆ ಕೃತಜ್ಞತೆ ಹೇಳುತ್ತಾನೆ. ಆ ಬೇಡಿಕೆಯ ಮಾತುಗಳು ಶಾಲೆಗೆ ಹೋಗದ ಮಗುವಿಗೂ ತಿಳಿಯುವಂಥವು. ಹಾಗೆಯೇ ತನ್ನ ಮನಸ್ಸು ಕುಗ್ಗಿದಾಗ ಅವನು ಪದೇಪದೇ ಆಡುವ ‘ಡಿಪ್ರೆಸ್’ ಎಂಬುದೂ ಸ್ಲ್ಯಾಂಗ್ ಅಲ್ಲ, ವೈದ್ಯರೂ ಬಳಸುವ ಪದ. ಸಿಟ್ಟಿಗೆ ‘ಸೋರ್’, ಅಂಜುಬುರುಕತನಕ್ಕೆ ‘ಯೆಲ್ಲೋ’, ಮೆಚ್ಚುಗೆಗೆ ‘ಕಿಲ್’, ‘ನಾಕ್ ಔಟ್’ ಎಂದು ಸಾಲುಸಾಲಾಗಿ ಗುಂಪಿನ ಮಾತುಗಳಿರುವ ಈ ಹುಡುಗನಿಗೆ ತನ್ನ ದುಃಖಕ್ಕೆ ಮಾತ್ರ ಗುಂಪಿನ ಮಾತು ಸಿಗುವುದಿಲ್ಲ. ದುಃಖದಲ್ಲಿ ಅವನಿಗೆ ಗುಂಪೇ ಇಲ್ಲವೆಂಬುದು ಇದರ ಕಾರಣವಿರಬಹುದು. ಸಹಪಾಠಿಗಾಗಿ ಬರೆದುಕೊಟ್ಟ ಪ್ರಬಂಧದಲ್ಲಿ ಅವನು ಆ್ಯಲಿಯ ಬೇಸ್‌ಬಾಲ್ ಕೈಗವಸನ್ನೂ ಅದರ ಮೇಲೆ ಹಸಿರು ಶಾಯಿಯಲ್ಲಿ ಬರೆದಿದ್ದ ಕವಿತೆಗಳನ್ನೂ ವರ್ಣಿಸುತ್ತಾನೆ. ಕೇಳಿದ ವಿಷಯ ಅದಲ್ಲವೆಂದು ಸಹಪಾಠಿ ಸಿಡುಕಿದಾಗ ಅದನ್ನು ಹರಿದುಹಾಕುತ್ತಾನೆ.

ಹೋಲ್ಡನ್ ತಾನೇ ಒಬ್ಬ ಭಾಷಾವಿಮರ್ಶಕನಾಗಿರುವುದು ಈ ಕೃತಿಯ ಇನ್ನೊಂದು ಸ್ವಾರಸ್ಯ. ಇತಿಹಾಸದ ವೃದ್ಧ ಅಧ್ಯಾಪಕರು ಅವನ ತಂದೆತಾಯಿಯರನ್ನು ಹೊಗಳಲು ‘ಗ್ರ್ಯಾಂಡ್’ ಎಂಬ ಪದ ಬಳಸಿದೊಡನೆ ಅವನಿಗೆ ಮೈ ಉರಿಯುತ್ತದೆ. ಭೇಟಿಯಿಂದ ಸಂತೋಷವಾಗದಿದ್ದರೂ ಸಂತೋಷವಾಯಿತೆಂದು ಹೇಳಬೇಕಾದ ಶಿಷ್ಟಾಚಾರವನ್ನು ಅವನು ಹಂಗಿಸುತ್ತಾನೆ. ಹಿರಿಯರ ಭಾವಪದಗಳು ಸವೆದುಹೋಗಿವೆ, ಅವುಗಳ ಹಿಂದೆ ಭಾವವಿಲ್ಲ ಎಂಬುದು ಅವನ ದೂರು; ‘ಫೋನಿ’ ಎಂಬ ಅವನ ಪ್ರಿಯ ಬೈಗುಳ ಹುಟ್ಟುವುದು ಅಲ್ಲಿಂದ. ಆದರೆ ಓದುಗನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅವನ ‘ಕಿಲ್’, ‘ಫೋನಿ’, ‘ಡಿಪ್ರೆಸ್’ಗಳೂ ಇನ್ನೂರು ಚಿಲ್ಲರೆ ಪುಟಗಳ ಬಳಕೆಯಲ್ಲಿ ಸವೆಯುವುದಿಲ್ಲವೇ? ಸವೆಯುತ್ತವೆ. ಎರಡನೆಯ ಓದಿನಲ್ಲಿ ಆಯಾಸವಾಗುವಷ್ಟು ಅವು ಮರುಕಳಿಸುತ್ತವೆ. ಇದನ್ನು ಪೂರ್ತಿಯಾಗಿ ಕಲೆಗಾರಿಕೆಯೆಂದು ಸಮರ್ಥಿಸುವುದು ಕೃತಿಯ ಮೇಲಿನ ಅತಿಪ್ರೀತಿಯಾದೀತು. ಕೆಲವು ಪುಟಗಳಲ್ಲಿ ಅದು ಬರೀ ಧಾಟಿಯಾಗಿಬಿಟ್ಟಿದೆ. ಆದರೂ ಸ್ಲ್ಯಾಂಗಿನ ಆಯುಸ್ಸು ಎಷ್ಟು ಕಿರಿದೆಂಬುದನ್ನು ಆ ಪುನರುಕ್ತಿ ನಮ್ಮ ಕಿವಿಗೇ ಮನವರಿಕೆ ಮಾಡಿಕೊಡುತ್ತದೆ.

ತೂಕದ ತಾರತಮ್ಯವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಶಾಲೆಯ ಗೋಡೆಯ ಪ್ರಸಂಗ. ಮಾತಿಗೊಮ್ಮೆ ದೇವರ ಹೆಸರು ಹಿಡಿದು ಶಪಿಸುವ ಹೋಲ್ಡನ್‌ಗೆ, ಅಷ್ಟು ಬೈಯಬೇಡವೆಂದು ಫೀಬಿಯೇ ಬುದ್ಧಿ ಹೇಳುತ್ತಾಳೆ. ಆದರೆ ಅದೇ ಹುಡುಗ ತಂಗಿಯ ಶಾಲೆಯ ಗೋಡೆಯ ಮೇಲೆ ಇಂಗ್ಲಿಷಿನ ಅತ್ಯಂತ ಅಶ್ಲೀಲವಾದ ಬೈಗುಳವೊಂದನ್ನು ಯಾರೋ ಬರೆದಿರುವುದನ್ನು ಕಂಡು ತತ್ತರಿಸಿಹೋಗುತ್ತಾನೆ. ಮಕ್ಕಳ ಕಣ್ಣಿಗೆ ಬೀಳದಿರಲೆಂದು ಕೈಯಿಂದ ಉಜ್ಜಿ ಅಳಿಸುತ್ತಾನೆ. ಇನ್ನೊಂದೆಡೆ ಅದೇ ಮಾತನ್ನು ಚಾಕುವಿನಿಂದ ಕೊರೆದಿದ್ದಾರೆ, ಅದು ಅಳಿಯುವುದಿಲ್ಲ. ಅವನ ದೃಷ್ಟಿಯಲ್ಲಿ ಎರಡು ಬಗೆಯ ಕೆಟ್ಟ ಮಾತುಗಳಿಗೂ ನಡುವೆ ಅಗಾಧ ಅಂತರವಿದೆ: ಒಂದು ಉಸಿರಿನಂತೆ ಹೊರಬೀಳುವ ಚಟ, ಇನ್ನೊಂದು ಎದುರಿಗಿಲ್ಲದ, ಗುರುತಿಲ್ಲದ ಮಗುವಿನ ಮೇಲೆ ಎಸೆದ ಕಲ್ಲು. ಶಬ್ದಕೋಶ ಎರಡಕ್ಕೂ ‘ಅಸಭ್ಯ’ ಎಂಬ ಒಂದೇ ಗುರುತು ಹಾಕುತ್ತದೆ. ಕಾದಂಬರಿಯ ಭಾಷೆಯನ್ನು ಆಕ್ಷೇಪಿಸಿದ ಅನೇಕರೂ ಹಾಗೆಯೇ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರು. 1960ರಲ್ಲಿ ಒಕ್ಲಹೋಮ ರಾಜ್ಯದ ಟಲ್ಸಾದಲ್ಲಿ ಇದನ್ನು ಹನ್ನೊಂದನೆಯ ತರಗತಿಗೆ ಓದಲು ಹೇಳಿದ ಅಧ್ಯಾಪಕರೊಬ್ಬರು ಕೆಲಸ ಕಳೆದುಕೊಂಡರು. ಮೇಲ್ಮನವಿಯಿಂದ ಕೆಲಸ ಮರಳಿ ಸಿಕ್ಕಿತು, ಪುಸ್ತಕ ಮಾತ್ರ ಆ ಶಾಲೆಯ ಬಳಕೆಯಿಂದ ಹೊರಗುಳಿಯಿತು.

ಇನ್ನು ಕನ್ನಡದ ಮಾತು. ಈ ಭಾಷೆಯನ್ನು ಕನ್ನಡಕ್ಕೆ ತರಹೊರಟವನಿಗೆ ಎದುರಾಗುವ ತೊಡಕುಗಳು ನಮ್ಮ ಭಾಷೆಯ ಭಾವಪದಗಳ ಮೇಲೂ ಬೆಳಕು ಚೆಲ್ಲುತ್ತವೆ. ಕನ್ನಡದಲ್ಲಿಯೂ ಕೊಲ್ಲುವ ಮಾತುಂಟು. ಆದರೆ ‘ಮಾತಾಡಿ ಮಾತಾಡಿ ಕೊಂದ’ ಎಂದರೆ ಬೇಸರ ಹುಟ್ಟಿಸಿದ ಎಂದರ್ಥ. ‘ಪ್ರಾಣ ತಿಂದ’, ‘ಜೀವ ಹಿಂಡಿದ’ ಎಂಬುವೂ ಅದೇ ದಿಕ್ಕಿನವು. ‘ಆ ಕಥೆ ನನ್ನನ್ನು ಕೊಂದಿತು’ ಎಂದು ಪದಕ್ಕೆ ಪದವಿಟ್ಟರೆ ಮೂಲದ ಮೆಚ್ಚುಗೆ ಕನ್ನಡದಲ್ಲಿ ತೆಗಳಿಕೆಯಾಗುತ್ತದೆ. ‘ನಗಿಸಿ ನಗಿಸಿ ಕೊಂದ’ ಎಂದು ನಗುವನ್ನು ಮುಂದಿಟ್ಟರೆ ಅರ್ಥ ದಕ್ಕುತ್ತದೆ, ಮಮತೆ ಜಾರುತ್ತದೆ. ‘ಕರುಳು ಚುರ್ ಎಂದಿತು’ ಎಂದರೆ ಮಮತೆ ಬರುತ್ತದೆ. ಆದರೆ ಅದು ನಮ್ಮಲ್ಲಿ ಅಜ್ಜಿಯೂ ಆಡುವ ಮಾತು, ಹದಿನೇಳರ ಹುಡುಗನ ಗುರಾಣಿಯಾಗಲಾರದು. ‘ಹೊಟ್ಟೆ ಉರಿ’, ‘ಪಿತ್ತ ನೆತ್ತಿಗೇರು’, ‘ಜೀವ ಬಾಯಿಗೆ ಬರು’ ಮುಂತಾದ ನಮ್ಮ ತೀವ್ರಭಾವದ ನುಡಿಗಟ್ಟುಗಳು ದೇಹದ ಮೂಲಕ ಮಾತಾಡುತ್ತವೆ ಮತ್ತು ಎಲ್ಲ ವಯಸ್ಸಿನವರಿಗೂ ಸೇರುತ್ತವೆ. ಒಂದು ತಲೆಮಾರಿಗಷ್ಟೇ ಸೇರಿದ ಮಾತು ಬೇಕೆಂದಾಗ ನಮ್ಮ ಯುವಕರು ‘ಮೂಡ್ ಆಫ್’, ‘ಟೆನ್ಷನ್’, ‘ಫೀಲ್ ಆಯ್ತು’ ಎಂದು ಇಂಗ್ಲಿಷಿನ ಕಡೆ ಕೈಚಾಚುತ್ತಾರೆ. ಇಂಗ್ಲಿಷಿನ ಸ್ಲ್ಯಾಂಗನ್ನು ಅನುವಾದಿಸಲು ಮತ್ತೆ ಇಂಗ್ಲಿಷನ್ನೇ ಬಳಸಬೇಕಾದ ವಿಚಿತ್ರ ಇಕ್ಕಟ್ಟು ಇದು.

ದಾರಿಗಳಿಲ್ಲವೆಂದಲ್ಲ. ಹೋಲ್ಡನ್ ಹತ್ತು ವರ್ಷದ ತಂಗಿಯನ್ನೂ ತನಗೆ ಸೇರದ ಸಹಪಾಠಿಯನ್ನೂ ಒಂದೇ ‘ಓಲ್ಡ್’ ವಿಶೇಷಣದಿಂದ ಕರೆಯುತ್ತಾನೆ. ಅದನ್ನು ‘ಮುದಿ’ ಎಂದು ತರಲಾಗದು. ಆದರೆ ‘ನಮ್ಮ ಫೀಬಿ’ ಎಂದರೆ ಅಕ್ಕರೆಯೂ ‘ನಮ್ಮ ಆ್ಯಕ್ಲಿ’ ಎಂದರೆ ಗೇಲಿಯೂ ಕನ್ನಡದಲ್ಲಿ ತಾನಾಗಿಯೇ ಬರುತ್ತದೆ. ಇಂಥ ಚಿಕ್ಕ ಪದಗಳಲ್ಲಿ ಅನುವಾದಕನಿಗೆ ನೆರವಿದೆ. ದೊಡ್ಡ ಪ್ರಶ್ನೆ ಯಾವ ಕನ್ನಡ ಎಂಬುದು. ಗ್ರಾಂಥಿಕವಾದರೆ ಹುಡುಗನಿಗೆ ಮುಪ್ಪು ಬರುತ್ತದೆ. ಬೆಂಗಳೂರಿನ ಕಾಲೇಜಿನ ಮಾತಾದರೆ ಮಾತ್ರ ತಾರುಣ್ಯವೆಂಬ ಗ್ರಹಿಕೆ ಗಟ್ಟಿಯಾಗುತ್ತದೆ. ತುಳು, ಮಲಯಾಳಗಳ ನಡುವೆ ಬೆಳೆದ ಮಂಜೇಶ್ವರದ ಹುಡುಗನ ಕನ್ನಡಕ್ಕೂ ಮರಾಠಿಯ ನಡುವಿನ ಜತ್ತದ ಹುಡುಗನ ಕನ್ನಡಕ್ಕೂ ಸ್ನೇಹಿತರ ಗುಂಪಿನ ಬಿಸಿ ಇದೆ. ಸಿಟ್ಟು, ಸಡಗರ, ಅವಮಾನಗಳನ್ನು ಆ ಕನ್ನಡಗಳು ದಿನವೂ ಹೊರುತ್ತಿವೆ. ನಮ್ಮ ಅನುವಾದ ಸಾಹಿತ್ಯ ಅವುಗಳ ಕಡೆ ತಿರುಗಿ ನೋಡುವುದು ಅಪರೂಪ. ಗಡಿನಾಡ ಕನ್ನಡವೆಂದರೆ ಜನಪದ ಗೀತೆಗೂ ಕೃಷಿಪದಕೋಶಕ್ಕೂ ಮೂಲವೆಂದು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ, ಅದರ ಹರೆಯದವರು ಇಂದು ಹೇಗೆ ಸಿಡುಕುತ್ತಾರೆ, ಹೇಗೆ ಹಿಗ್ಗುತ್ತಾರೆ ಎಂಬುದನ್ನೂ ದಾಖಲಿಸಬೇಕಾಗಿದೆ. ಇಲ್ಲದಿದ್ದರೆ ಆ ಮಾತುಗಳು ಒಂದು ತಲೆಮಾರಿನೊಡನೆ ಮುಗಿಯುತ್ತವೆ.

ಬಳಕೆಯ ಪ್ರಶ್ನೆಗೆ ಬಂದರೆ, ಸ್ಯಾಲಿಂಜರ್ ಅವರ ಕಾದಂಬರಿಯಿಂದ ಇಂಗ್ಲಿಷ್ ಮಾತು ಕಲಿಯಹೊರಡುವುದು ಬುದ್ಧಿವಂತಿಕೆಯಲ್ಲ. ಇಂದು ಸಿಟ್ಟನ್ನು ‘ಸೋರ್’ ಎಂದೋ ಮೆಚ್ಚುಗೆಯನ್ನು ‘ಸ್ವೆಲ್’ ಎಂದೋ ಹೇಳಿದವನು ಅಜ್ಜನ ಅಂಗಿ ತೊಟ್ಟವನಂತೆ ಕಾಣುತ್ತಾನೆ. ಇಂದಿನ ಪಟ್ಟಿಗಳ ಗತಿಯೂ ನಾಳೆ ಅದೇ. ಸ್ಲ್ಯಾಂಗನ್ನು ಕೇಳಿ ಅರಿಯುವ ಹಕ್ಕು ಎಲ್ಲ ಕಲಿಕೆಯವರಿಗೂ ಉಂಟು, ಅರಿಯಲೇಬೇಕು. ಇಲ್ಲವಾದರೆ ‘ಕೊಂದಿತು’ ಎಂದವನ ಮಮತೆ ನಮಗೆ ಕಾಣಿಸದು. ಆಡುವುದಕ್ಕೆ ಮಾತ್ರ ಆ ಗುಂಪಿನವರ ಸಲುಗೆ ಬೇಕು, ಅದು ಒಡನಾಟದಿಂದ ಬರುವಂಥದು. ಅಲ್ಲಿಯವರೆಗೆ ಸಾದಾ ಮಾತಿನಲ್ಲಿ ಸಿಟ್ಟನ್ನು ಸಿಟ್ಟೆಂದೂ ದುಃಖವನ್ನು ದುಃಖವೆಂದೂ ಹೇಳಿದರೆ ಕೊರತೆಯೇನಿಲ್ಲ. ಮೂರನೆಯದೋ ನಾಲ್ಕನೆಯದೋ ಭಾಷೆಯಾಗಿ ಇಂಗ್ಲಿಷನ್ನು ಕಲಿತ ನಮ್ಮ ವಿದ್ಯಾರ್ಥಿಗಳು ದೂರದ ಊರುಗಳ ಕಾಲೇಜುಗಳಲ್ಲಿ ಈ ಕಾರಣಕ್ಕಾಗಿ ಬಾಯಿ ಕಟ್ಟಿ ಕೂಡುವುದುಂಟು. ಗುಂಪಿನ ಮಾತು ಬಾರದವನಿಗೆ ಭಾವವೇ ಇಲ್ಲವೆಂದು ತಿಳಿಯುವವರೂ ಉಂಟು.

ಅಂಥ ವಿದ್ಯಾರ್ಥಿ ಈ ಕಾದಂಬರಿಯ ಕೊನೆಯ ಪುಟವನ್ನು ಗಮನವಿಟ್ಟು ಓದಬೇಕು. ಅಷ್ಟೆಲ್ಲ ಮಾತಾಡಿದ ಹೋಲ್ಡನ್ ಕಡೆಗೆ ತಾನು ಬೈದವರನ್ನೂ ಸೇರಿಸಿ ಎಲ್ಲರ ಅಗಲಿಕೆ ತನ್ನನ್ನು ಕಾಡುತ್ತಿದೆಯೆಂದು ಒಪ್ಪಿಕೊಳ್ಳುತ್ತಾನೆ. ಅದಕ್ಕಾಗಿ ಅವನು ಬಳಸುವ ಪದ ‘ಮಿಸ್’. ಯಾವ ಗುಂಪಿಗೂ ಸೇರದ, ಯಾವ ವಯಸ್ಸಿಗೂ ಕಟ್ಟುಬೀಳದ ಕ್ರಿಯಾಪದ. ಹಂಬಲಿಸು, ನೆನಪಾಗು, ಕೊರಗು ಎಂಬ ಮೂರರ ನಡುವೆ ಎಲ್ಲಿಯೋ ನಿಲ್ಲುವ ಅದಕ್ಕೆ ಕನ್ನಡದಲ್ಲಿ ಒಂದೇ ಮಾತು ಸಿಗದೆ, ‘ಮಿಸ್ ಮಾಡಿಕೊಳ್ಳುತ್ತೇನೆ’ ಎಂದು ನಮ್ಮ ಮನೆಗಳಲ್ಲಿಯೂ ಈಗ ಹೇಳುತ್ತಿದ್ದಾರೆ. ಸ್ಲ್ಯಾಂಗಿನ ಪಟ್ಟಿಯಲ್ಲಿ ಆ ಪದಕ್ಕೆ ಸ್ಥಾನವಿರುವುದಿಲ್ಲ.